ಮೊದಲು ನೀರಿನ ಲೆಕ್ಕ, ಆಮೇಲೆ ಹುಲ್ಲು: ಬಯಲುಸೀಮೆಯಲ್ಲಿ ಗಾಲ್ಫ್ ರೆಸಾರ್ಟ್ ಕಟ್ಟಿದ ಅನುಭವ

ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ವರ್ಷವಿಡೀ ಹರಿಯುವ ನದಿಯಿಲ್ಲ, ಎಷ್ಟೋ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಇಂಥ ನೆಲದಲ್ಲಿ ಗಾಲ್ಫ್ ಮೈದಾನ ಮಾಡುವುದಾದರೆ ವಿನ್ಯಾಸಕಾರರನ್ನು ಕರೆಸುವ ಮುಂಚೆ ನೀರಿನ ಲೆಕ್ಕ ಮುಗಿದಿರಬೇಕು. ನಾವು ಹಾಕಿದ ಲೆಕ್ಕ ಇದು.

ಬೇಸಿಗೆಯಲ್ಲಿ ದಿನದ ಬಾಷ್ಪೀಕರಣ ಅಂದಾಜು 5 ಮಿ.ಮೀ. ಗರಿಕೆ ಜಾತಿಯ ಹುಲ್ಲಿಗೆ ಅದರ 70% ಸಾಕು, ಅಂದರೆ 3.5 ಮಿ.ಮೀ. ಒಂದು ಹೆಕ್ಟೇರಿಗೆ 1 ಮಿ.ಮೀ. ಎಂದರೆ 10,000 ಲೀಟರ್. ಮೊದಲ ನಕ್ಷೆಯಲ್ಲಿ 38 ಹೆಕ್ಟೇರ್ ಹುಲ್ಲಿತ್ತು. ಸ್ಪ್ರಿಂಕ್ಲರ್‌ನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ದಿನಕ್ಕೆ 17 ಲಕ್ಷ ಲೀಟರ್ ದಾಟುತ್ತಿತ್ತು. 18 ಹೋಲ್‌ಗಳನ್ನು ಹಾಗೇ ಉಳಿಸಿಕೊಂಡು, ಟೀ (ಮೊದಲ ಹೊಡೆತದ ಜಾಗ), ಫೇರ್‌ವೇ (ಅಲ್ಲಿಂದ ಮುಂದಿನ ಆಟದ ಹಾದಿ), ಗ್ರೀನ್ (ಗುಳಿಯ ಸುತ್ತಲಿನ ಒತ್ತಾದ ಹುಲ್ಲು) ಇವುಗಳಿಗೆ ಮಾತ್ರ ನೀರು ಎಂದು 22 ಹೆಕ್ಟೇರಿಗೆ ಇಳಿಸಿದೆವು. ಆಗ ಬೇಕಾದದ್ದು ಸುಮಾರು 10 ಲಕ್ಷ ಲೀಟರ್. ಉಳಿದ ಜಾಗದಲ್ಲಿ ಊರ ಹುಲ್ಲು, ತಂಗಡಿ, ಹೊಂಗೆ, ಬೇವು. ಬೇಸಿಗೆಯಲ್ಲಿ ಅದು ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ, ತಿರುಗಲಿ.

ರೆಸಾರ್ಟಿನ ಕೊಳಚೆ ನೀರನ್ನೇ ಶುದ್ಧೀಕರಿಸಿ ಮೈದಾನಕ್ಕೆ ಬಿಡುತ್ತೇವೆ ಎಂಬ ಮಾತು ಕರಪತ್ರಗಳಲ್ಲಿ ಬಹಳ. ನೂರು ಕೋಣೆಗಳಿಂದ ದಿನಕ್ಕೆ 50,000 ಲೀಟರ್ ಬಂದರೆ ಹೆಚ್ಚು. ಅದು ಬೇಕಾದ್ದರ 5%. ಉಳಿದದ್ದಕ್ಕೆ ಹತ್ತಿರದ ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕದಿಂದ (ಎಸ್‌ಟಿಪಿ) ಪೈಪ್ ಹಾಕಿಸಿಕೊಳ್ಳಬೇಕು. ಆ ಒಪ್ಪಂದ ಕೈಗೆ ಬರುವವರೆಗೆ ಭೂಮಿ ಅಗೆಯಬಾರದು. ತಾತ್ಕಾಲಿಕಕ್ಕೆಂದು ಕೊರೆದ ಕೊಳವೆಬಾವಿ ಆಮೇಲೆ ಕಾಯಂ ಆಗಿಬಿಡುತ್ತದೆ, ಪಕ್ಕದ ರೈತರ ಬಾವಿ ಬತ್ತುತ್ತದೆ. ಬೆಂಗಳೂರಿನ ಸಂಸ್ಕರಿತ ನೀರು ತುಂಬಿಸುವ ಕೆರೆಗಳ ತಂಟೆಗೂ ಹೋಗಬಾರದು. ಅದು ಅಂತರ್ಜಲಕ್ಕೆಂದು ಬಂದ ನೀರು.

ಎಸ್‌ಟಿಪಿ ನೀರಿನಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಸಾರಜನಕ. ಲೀಟರಿಗೆ 10 ಮಿ.ಗ್ರಾಂ ಇದ್ದರೂ ವರ್ಷಕ್ಕೆ 1,000 ಮಿ.ಮೀ. ಹಾಯಿಸಿದಾಗ ಹೆಕ್ಟೇರಿಗೆ 100 ಕಿಲೋ ಸಾರಜನಕ ತಾನಾಗಿ ಬಿದ್ದಿರುತ್ತದೆ. ಇದನ್ನು ಕಳೆಯದೆ ಯೂರಿಯಾ ಹಾಕಿದರೆ ಹುಲ್ಲು ಕೊಬ್ಬಿ ಬೇರು ಮೇಲಕ್ಕೆ ಬರುತ್ತದೆ, ರೋಗ ಹಿಡಿಯುತ್ತದೆ, ಹೆಚ್ಚಾದದ್ದು ನೈಟ್ರೇಟ್ ಆಗಿ ಊರ ಬಾವಿ ಸೇರುತ್ತದೆ. ಎರಡನೆಯದು ಸೋಡಿಯಂ. ಅದು ಕೆಂಪು ಜೇಡಿಯ ಕಣಗಳನ್ನು ಬಿಡಿಸಿ ನೆಲದ ಬಾಯಿ ಮುಚ್ಚಿಸುತ್ತದೆ, ನೀರು ಇಂಗದೆ ಮೇಲೆ ನಿಲ್ಲುತ್ತದೆ. ಫೆಬ್ರುವರಿಯಿಂದ ಮೇ ತನಕ ಮೂರು ವಾರಕ್ಕೊಮ್ಮೆ ಮಣ್ಣಿನ ಉಪ್ಪು ಅಳೆಯುತ್ತೇವೆ. ಏರುತ್ತಿದ್ದರೆ ಚದರ ಮೀಟರಿಗೆ 50 ಗ್ರಾಂ ಜಿಪ್ಸಮ್ ಎರಚಿ, ಒಂದು ರಾತ್ರಿ ಧಾರಾಳವಾಗಿ ನೀರು ಬಿಟ್ಟು ಉಪ್ಪನ್ನು ಬೇರಿನಿಂದ ಕೆಳಗೆ ತೊಳೆಯುತ್ತೇವೆ. ಜೂನ್ ನಂತರ ಆ ಕೆಲಸ ಮಳೆಯದು.

ಹತ್ತು ದಿನದ ದಾಸ್ತಾನಿಗೆ ಒಂದು ಕೋಟಿ ಲೀಟರಿನ ಹೊಂಡ ಬೇಕು. ನೋಡಲು ಚೆಂದವೆಂದು ಅಗಲವಾಗಿ, ಆಳವಿಲ್ಲದೆ ತೋಡಿಸುವುದು ಸಾಮಾನ್ಯ ತಪ್ಪು. ಆಳ ಅರ್ಧವಾದರೆ ಮೇಲ್ಮೈ ಇಮ್ಮಡಿ, ಆವಿಯಾಗುವುದೂ ಇಮ್ಮಡಿ. ನೀರು ಬಿಸಿಯಾಗಿ ಪಾಚಿ, ಅಂತರಗಂಗೆ ತುಂಬಿಕೊಳ್ಳುತ್ತವೆ. ಮೂರು ಮೀಟರ್ ಆಳ ಇರಲಿ, ಗಾಳಿಯೂಡುವ ಯಂತ್ರ ಇರಲಿ.

ಇನ್ನು ಭೂಮಿ. ಪಹಣಿ ಮಾತ್ರ ನೋಡಿದರೆ ಸಾಲದು, ಗ್ರಾಮ ನಕಾಶೆ ಹಿಡಿದು ನಡೆಯಬೇಕು. ಬಿ ಖರಾಬಿನಲ್ಲಿರುವ (ಸಾರ್ವಜನಿಕ ಬಳಕೆಗೆ ಬಿಟ್ಟ ನೆಲದಲ್ಲಿರುವ) ಬಂಡಿದಾರಿ, ಕಾಲುವೆ, ಗುಂಡುತೋಪು ಎಲ್ಲ ಅಲ್ಲಿ ಸಿಗುತ್ತವೆ. ಬೇಸಿಗೆಯಲ್ಲಿ ಒಣಗಿ ಪೊದೆ ಬೆಳೆದ ಕಾಲುವೆ ಕಣ್ಣಿಗೆ ಹಳ್ಳದಂತೆ ಕಾಣುತ್ತದೆ, ಬುಲ್ಡೋಜರ್ ಚಾಲಕನಿಗೆ ಅದು ಮುಚ್ಚಬೇಕಾದ ಗುಂಡಿ. ಅದನ್ನು ಮುಚ್ಚಿದರೆ ಕೆಳಗಿನ ಕೆರೆ ತುಂಬುವುದು ನಿಂತುಹೋಗುತ್ತದೆ. ಆದ್ದರಿಂದ ಮೊದಲ ದಿನವೇ ಕಾಲುವೆಯ ಎರಡೂ ದಡಕ್ಕೆ ಕಲ್ಲು ನೆಟ್ಟು ಬಣ್ಣ ಬಳಿಸಿದೆವು. ಮೈದಾನದ ಮೇಲೆ ಬಿದ್ದ ಮಳೆಯನ್ನೆಲ್ಲ ನಮ್ಮ ಹೊಂಡಕ್ಕೇ ತಿರುಗಿಸಿಕೊಳ್ಳುವುದೂ ಕೆರೆಯ ಪಾಲು ಕಸಿದಂತೆಯೇ. ಹೊಂಡದ ಕೋಡಿಯ ಮಟ್ಟವನ್ನು ಊರವರ ಮುಂದೆ ಗೊತ್ತುಮಾಡಿ ಕಲ್ಲಿನಲ್ಲಿ ಕಟ್ಟಿಸಿದ್ದೇವೆ. ದನಕರು ಕೆರೆಗೆ ಹೋಗುವ ದಾರಿ ಎರಡು ಹೋಲ್‌ಗಳ ನಡುವೆ ಹಾದುಹೋಗುತ್ತದೆ. ಅದಕ್ಕಾಗಿ ಒಂದು ಟೀಯ ದಿಕ್ಕನ್ನೇ ಬದಲಿಸಬೇಕಾಯಿತು, ಚೆಂಡು ದಾರಿಯ ಮೇಲೆ ಹಾರಬಾರದು.

ಮಣ್ಣಿನ ಕೆಲಸ ಡಿಸೆಂಬರಿನಲ್ಲಿ ಶುರುವಾಗಿ ಮೇ ಒಳಗೆ ಮುಗಿಯಬೇಕು. ಈ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಆಗ ಬರಿನೆಲ ಇದ್ದರೆ ಕೆಂಪು ಮಣ್ಣೆಲ್ಲ ಕೆರೆಗೆ. ಮೇಲಿನ 15 ಸೆಂ.ಮೀ. ಮಣ್ಣನ್ನು ಬೇರೆ ತೆಗೆದು, ರಾಶಿ ಎರಡು ಮೀಟರಿಗಿಂತ ಎತ್ತರವಾಗದಂತೆ ಒಟ್ಟಿ, ಮೇಲೆ ಸೆಣಬು ಬಿತ್ತಿದೆವು. ಇಳಿಜಾರಿಗೆ ಲಾವಂಚ.

ಗ್ರೀನ್‌ನಲ್ಲಿ ತಪ್ಪಿದರೆ ತಿದ್ದಲು ಕಿತ್ತೇ ಹಾಕಬೇಕು. ತಳದಲ್ಲಿ 100 ಮಿ.ಮೀ. ರಂಧ್ರದ ಪೈಪ್, ಸಾಲುಗಳ ನಡುವೆ 5 ಮೀಟರ್ ಮೀರದಂತೆ, ಕನಿಷ್ಠ 0.5% ಇಳಿಜಾರು. ಅದರ ಮೇಲೆ 10 ಸೆಂ.ಮೀ. ಜಲ್ಲಿ, ಹೆಚ್ಚು ಭಾಗ 6ರಿಂದ 9 ಮಿ.ಮೀ. ಗಾತ್ರದ್ದು. ಅದರ ಮೇಲೆ 30 ಸೆಂ.ಮೀ. ಮರಳು. ಜಲ್ಲಿ ಮತ್ತು ಮರಳಿನ ನಡುವೆ ಜಿಯೋಟೆಕ್ಸ್‌ಟೈಲ್ (ನೀರು ಸೋಸುವ ಬಟ್ಟೆ) ಹಾಸಬೇಡಿ, ಸಣ್ಣ ಕಣ ಕಟ್ಟಿಕೊಂಡು ನೀರು ಅಲ್ಲೇ ನಿಲ್ಲುತ್ತದೆ. ಮರಳಿನಲ್ಲಿ ಕನಿಷ್ಠ 60% ಕಣ 0.25ರಿಂದ 1 ಮಿ.ಮೀ. ಒಳಗಿರಬೇಕು. 500 ಚದರ ಮೀಟರಿನ ಒಂದು ಗ್ರೀನಿಗೆ 150 ಘನ ಮೀಟರ್ ಬೇಕು. ನದಿ ಮರಳು ಬೇಡವೆಂದು ಎಂ-ಸ್ಯಾಂಡ್ ಆರಿಸಿದೆವು. ಕಾಂಕ್ರೀಟಿಗೆ ಒಗ್ಗುವ ಎಂ-ಸ್ಯಾಂಡ್ ಹಾಗೇ ಹಾಕಿದರೆ ಅದರ ದೂಳು ಗಟ್ಟಿಯಾಗಿ ನೆಲ ಕಲ್ಲಾಗುತ್ತದೆ. 1 ಮಿ.ಮೀ. ಜರಡಿ ಹಿಡಿದು, ತೊಳೆದು, ತೊಳೆದ ನೀರನ್ನು ತಿಳಿಗೊಳಿಸಿ ಮತ್ತೆ ಬಳಸಬೇಕು. ಗಾತ್ರದಲ್ಲಿ 85 ಪಾಲು ಮರಳಿಗೆ 15 ಪಾಲು ತೆಂಗಿನ ನಾರಿನ ಪುಡಿ. ಪುಡಿಯಲ್ಲಿ ಉಪ್ಪಿರುತ್ತದೆ, ಮೂರು ನೀರು ತೊಳೆಯದೆ ಬೆರೆಸಿದರೆ ಎಳೆ ಹುಲ್ಲಿನ ತುದಿ ಸುಡುತ್ತದೆ. ಬೆರೆಸಿದ ಮೇಲೆ ಪರೀಕ್ಷಿಸಿದಾಗ ಗಂಟೆಗೆ 15 ಸೆಂ.ಮೀ. ನೀರಾದರೂ ಇಂಗಬೇಕು.

ಹುಲ್ಲು ಹೈಬ್ರಿಡ್ ಬರ್ಮುಡಾ, ಅಂದರೆ ಗಣಪತಿಗೆ ಏರಿಸುವ ಗರಿಕೆಯ ನೆಂಟ. ಅದಕ್ಕೆ ಬೀಜವಿಲ್ಲ; ಜೂನ್ ಮಳೆಗೆ ತುಂಡು ನೆಟ್ಟು, ರೋಲರ್ ಹೊಡೆದು, ಮೊದಲ ಹತ್ತು ದಿನ ದಿನಕ್ಕೆ ನಾಲ್ಕೈದು ಸಲ ತೆಳುವಾಗಿ ನೀರು. ಕಷ್ಟವೆಂದರೆ ಊರ ಗರಿಕೆಯೂ ಅದರೊಳಗೆ ನುಗ್ಗುತ್ತದೆ. ಎರಡೂ ಒಂದೇ ಕುಲವಾದ್ದರಿಂದ ಒಂದನ್ನು ಉಳಿಸಿ ಇನ್ನೊಂದನ್ನು ಕೊಲ್ಲುವ ಔಷಧಿಯಿಲ್ಲ. ಕೈಯಿಂದಲೇ ಕೀಳಬೇಕು. ಈ ಕೆಲಸದಲ್ಲಿ ಊರ ಹೆಂಗಸರ ಕಣ್ಣಿಗೆ ಸಮನಿಲ್ಲ. ಅವರಿಗೆ ಗಂಡಸರಷ್ಟೇ ಕೂಲಿ, ಮಳೆಗಾಲದಲ್ಲೂ ಕೆಲಸ, ಇಷ್ಟವಿದ್ದವರಿಗೆ ಮೊವರ್ (ಹುಲ್ಲು ಕತ್ತರಿಸುವ ಯಂತ್ರ) ಓಡಿಸುವ ತರಬೇತಿ. ಮಾಲಿ ಕೆಲಸ ಮಾತ್ರ ಊರವರಿಗೆ, ಯಂತ್ರ ಮಾತ್ರ ಹೊರಗಿನವರಿಗೆ ಎಂಬ ಏರ್ಪಾಡನ್ನು ನಾವು ಒಪ್ಪುವುದಿಲ್ಲ.

ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳುವಿನ ದುಂಬಿಗಳು ಬೇವಿನ ಮರಕ್ಕೆ ಮುತ್ತುತ್ತವೆ. ಆಗಲೇ ದೀಪದ ಬಲೆ ಇಟ್ಟು ಹಿಡಿದರೆ ಆಗಸ್ಟಿನಲ್ಲಿ ಸಿಂಪಡಿಸುವ ಗೋಜು ಬಹಳಷ್ಟು ತಪ್ಪುತ್ತದೆ. ಕೆರೆಯಂಚಿನಿಂದ 10 ಮೀಟರ್ ಒಳಗೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ, ಮೊವರೂ ಇಲ್ಲ.

ಕತ್ತರಿಸಿದ ಹುಲ್ಲನ್ನು ದನಕ್ಕೆ ಕೊಡಿ ಎಂದು ಊರವರು ಕೇಳುತ್ತಾರೆ. ಔಷಧಿ ಕಾಣದ ರಫ್‌ನ (ಆಟದ ಹಾದಿಯ ಹೊರಗಿನ ಜಾಗದ) ಹುಲ್ಲನ್ನು ಮಾತ್ರ ಕೊಡುತ್ತೇವೆ. ಗ್ರೀನ್ ಮತ್ತು ಫೇರ್‌ವೇಯದ್ದು ನೇರ ಕಾಂಪೋಸ್ಟ್ ಗುಂಡಿಗೆ. ಎರಡರ ಗಾಡಿಯೂ ಬೇರೆ, ಬಣ್ಣವೂ ಬೇರೆ. ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಬಾವಿಯ ಒಡೆಯರ ಎದುರೇ ಅಳೆದು, ಆ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುತ್ತೇವೆ.