ಬಾವಿಯಲ್ಲಿ ಈಜು ಕಲಿತವರಿಗೆ ತಮರಿನ್‌ನ ಎಡ ಅಲೆ

ಮುಲ್ಕಿಯಲ್ಲಿ ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆಯ ಸವಾರಿ) ಕಲಿತ ವಿಜಯಪುರದ ಹುಡುಗರು ಮುಂದೆ ಮಾರಿಷಸ್‌ಗೆ ಹೋಗ್ತೀವಿ ಅಂದರೆ ನಾನು ಕೇಳುವುದು ಒಂದೇ: ಬೀಳೋಕೆ ಬರುತ್ತಾ?

ಮುಲ್ಕಿಯಲ್ಲಿ ಬಿದ್ದರೆ ಕೆಳಗೆ ಮರಳು. ಮಾರಿಷಸ್‌ನ ಪಶ್ಚಿಮ ದಂಡೆಯ ತಮರಿನ್‌ನಲ್ಲಿ ಕೆಳಗೆ ಹವಳ, ಮೇಲೆ ನೀರೂ ಕಡಿಮೆ. ನಾವೆಲ್ಲ ಹೊಲದ ಬಾವಿಯಲ್ಲಿ ಈಜು ಕಲಿತವರು. ದಡದಿಂದ ತಲೆ ಕೆಳಗೆ ಮಾಡಿ ಧುಮುಕಿದವನೇ ಶೂರ, ಅಲ್ವಾ? ಆ ಚಟ ಊರಲ್ಲೇ ಬಿಟ್ಟು ಹೋಗಿ. ಅಲ್ಲಿ ತಲೆ ಮುಂದೆ ಮಾಡಿ ಬೀಳಬಾರದು, ಕಾಲು ನೆಟ್ಟಗೆ ಊರಿಯೂ ಬೀಳಬಾರದು. ಹಂಚಿಗೆ ರೊಟ್ಟಿ ಬಿದ್ದ ಹಾಗೆ ಚಪ್ಪಟೆಯಾಗಿ ಬೀಳಿ. ಮುಳುಗಿದ ಕೂಡಲೇ ಎರಡೂ ಕೈ ತಲೆಗೆ. ಮೇಲೆ ಬರುವಾಗಲೂ ಒಂದು ಕೈ ಅಡ್ಡ ಇರಲಿ. ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ (ಲೀಶ್) ಎಳೆದು ನಿಮ್ಮದೇ ಬೋರ್ಡ್ ಬಂದು ಬಡಿಯುತ್ತದೆ. ಇಷ್ಟನ್ನು ತುಂಬಿದ ಬಾವಿಯಲ್ಲೇ ರೂಢಿ ಮಾಡಿಕೊಳ್ಳಬಹುದು.

ಜ್ವಾಲಾಮುಖಿ ದ್ವೀಪದ ಸುತ್ತ ಕಡಲು ಬೇಗ ಆಳವಾಗುತ್ತದೆ. ದಕ್ಷಿಣದ ಬಿರುಗಾಳಿಯಿಂದ ಹೊರಟ ಅಲೆ ಶಕ್ತಿ ಕಳೆದುಕೊಳ್ಳದೆ ಬಂದು, ಹವಳಕ್ಕೆ ತಾಗಿ ಒಮ್ಮೆಲೇ ಏಳುತ್ತದೆ. ನಿಲ್ಲಲು ಸಿಗುವ ಸಮಯ ಮುಲ್ಕಿಗಿಂತ ಬಹಳ ಕಡಿಮೆ. (ಗೋಲ್ ಗುಮ್ಮಟದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಅದನ್ನು ಉಕ್ಕಿಸಿದ ಭೂಮಿಯೊಳಗಿನ ಬಿಸಿಯೇ ಮುಂದೆ ಮಾರಿಷಸ್ಸನ್ನೂ ಎಬ್ಬಿಸಿತು. ಒಂದು ಲೆಕ್ಕದಲ್ಲಿ ನೆಂಟರ ಮನೆಗೇ ಹೋದಂತೆ!)

ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್. ಅದು ಅಲ್ಲಿನ ಚಳಿಗಾಲ. ಆಗ್ನೇಯದ ಗಾಳಿ ನೆಲದ ಕಡೆಯಿಂದ ಬೀಸಿ ಅಲೆಯ ಮುಖವನ್ನು ನುಣುಪಾಗಿ ಇಡುತ್ತದೆ. ಉಬ್ಬರ ಇಳಿತದ ವ್ಯತ್ಯಾಸ ಅರ್ಧ ಮೀಟರಿನ ಆಸುಪಾಸು ಅಷ್ಟೇ. ಆದರೂ ಹವಳದ ಮೇಲೆ ಅಷ್ಟು ನೀರೂ ದೊಡ್ಡ ಮಾತು. ಉಬ್ಬರದ ಹೊತ್ತಿಗೇ ಇಳಿಯಿರಿ.

ಇಳಿಯುವ ಮೊದಲು ದಂಡೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಎಡ ಅಲೆ ಅಂದರೆ ಸವಾರನ ಎಡಕ್ಕೆ. ದಂಡೆಯಿಂದ ನೋಡುವವರಿಗೆ ಅದು ಬಲಕ್ಕೆ ಓಡುತ್ತದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಇರುತ್ತದೆ. ಅಲ್ಲಿನ ಊರವರು ಎಲ್ಲಿಂದ ಒಳಗೆ ಹೋಗುತ್ತಾರೆ ನೋಡಿ. ಹೊಳೆಯ ಸಿಹಿನೀರು ಸೇರುವ ಕಡೆ ಹವಳ ಬೆಳೆಯುವುದಿಲ್ಲ, ಅಲ್ಲಿ ಆಳದ ದಾರಿ ಇರುತ್ತದೆ.

ಎಡಗಾಲು ಮುಂದಿಟ್ಟು ನಿಲ್ಲುವವರಿಗೆ ಎಡ ಅಲೆಯಲ್ಲಿ ಅಲೆ ಬೆನ್ನ ಹಿಂದೆ. ಇದು ಸ್ವಲ್ಪ ಕಷ್ಟ. ಹಿಂದಿನ ಮೊಣಕಾಲು ಬಗ್ಗಿಸಿ, ಬಲಗೈಯಲ್ಲಿ ಬೋರ್ಡಿನ ಬಲ ಅಂಚು ಹಿಡಿಯಿರಿ. ಕಣ್ಣು ಅಲೆ ಹೋಗುವ ಕಡೆ ಇರಲಿ, ಕಾಲ ಕಡೆ ಬೇಡ. ಬಲಗಾಲು ಮುಂದಿಡುವವರು ಅದೃಷ್ಟವಂತರು, ಅಲೆ ಎದುರಿಗೇ ಕಾಣುತ್ತದೆ.

ಅಲೆ ಮುರಿಯುವ ಜಾಗಕ್ಕೆ ಹತ್ತಿರ ಇದ್ದವನದೇ ಆ ಅಲೆ. ನಡುವೆ ನುಗ್ಗಿದರೆ ಬೈಗುಳ ಗ್ಯಾರಂಟಿ.

ಸೀ ಅರ್ಚಿನ್ (ಕಡಲ ತಳದ ಮುಳ್ಳು ಚೆಂಡಿನಂಥ ಜೀವಿ) ಮುಳ್ಳಿಗೆ ರಬ್ಬರ್ ಬೂಟು ಬೇಕು. ಹವಳ ತರಚಿದರೆ ಅವಸರದಲ್ಲಿ ಅರಿಶಿಣ ಮೆತ್ತಬೇಡಿ. ಒಳಗೆ ಚೂರು ಉಳಿದರೆ ಕೀವಾಗುತ್ತದೆ. ಶುದ್ಧ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದ ಮೇಲೇ ಮುಲಾಮು. ಟಿಟಿ ಇಂಜೆಕ್ಷನ್ ಮಾತ್ರ ಊರಲ್ಲೇ ಹಾಕಿಸಿಕೊಂಡು ಹೊರಡಿ.