9 ನಿಮಿಷ 40 ಸೆಕೆಂಡ್

ನಮ್ಮ ಹಾಸ್ಟೆಲಿನಲ್ಲಿ ಏಜ್ ಆಫ್ ಎಂಪೈರ್ಸ್ 2 ಅನ್ನೋ, ಊರು ಕಟ್ಟಿ ಸೈನ್ಯ ಬೆಳೆಸಿ ಯುದ್ಧ ಮಾಡುವ ಕಂಪ್ಯೂಟರ್ ಆಟ ಆಡೋಕೆ ಒಂದು ನಿಯಮವಿತ್ತು. ಆಟ ಶುರುವಾಗಿ ಅರ್ಧ ಗಂಟೆ ಆಗುವವರೆಗೂ ಯಾರೂ ಯಾರ ಮೇಲೂ ದಾಳಿ ಮಾಡುವಂತಿಲ್ಲ. ಬ್ಲ್ಯಾಕ್ ಫಾರೆಸ್ಟ್ ಮ್ಯಾಪ್, ಎಂಟು ಜನ, ಕಾರಿಡಾರಿನ ಉದ್ದಕ್ಕೂ ಎಳೆದ ಲ್ಯಾನ್ ಕೇಬಲ್. ಎಲ್ಲರೂ ಸುತ್ತ ಗೋಡೆ ಕಟ್ಟಿಕೊಂಡು, ನಿಧಾನಕ್ಕೆ ಹೊಲ ಹಾಕಿಕೊಂಡು, ಆಮೇಲೆ ಒಂದೇ ಸಲ ದೊಡ್ಡ ಯುದ್ಧ. ಅಲ್ಲಿ ನಾನೇ ರಾಜ. ನನ್ನನ್ನು ಸೋಲಿಸುವವರು ಆ ಫ್ಲೋರಿನಲ್ಲಿ ಯಾರೂ ಇರಲಿಲ್ಲ.

2019ರ ನವೆಂಬರ್‌ನಲ್ಲಿ ಇದೇ ಆಟದ ಡೆಫಿನಿಟಿವ್ ಎಡಿಷನ್, ಅಂದರೆ ಹೊಸದಾಗಿ ಮಾಡಿದ ಆವೃತ್ತಿ, ಬಂತು. ನಾನು ಕೊಂಡದ್ದು ಮರುವರ್ಷ, ಲಾಕ್‌ಡೌನ್‌ನಲ್ಲಿ. ಹಳೇ ಧೈರ್ಯದ ಮೇಲೆ ನೇರವಾಗಿ ರ‍್ಯಾಂಕ್ಡ್ ಆಟಕ್ಕೆ, ಅಂದರೆ ಗೆಲುವು ಸೋಲಿಗೆ ಅಂಕ ಏರಿಳಿಯುವ ಆನ್‌ಲೈನ್ ಆಟಕ್ಕೆ, ಇಳಿದೆ. ಒಬ್ಬರಿಗೆ ಒಬ್ಬರು, ಬಯಲಿನ ಅರೇಬಿಯಾ ಮ್ಯಾಪ್. ಹನ್ನೊಂದನೇ ನಿಮಿಷಕ್ಕೆ ಎದುರಾಳಿಯ ಮೂರು ಸ್ಕೌಟ್ ಕುದುರೆ ನನ್ನ ಮರ ಕಡಿಯುವವರ ಮಧ್ಯೆ ನುಗ್ಗಿದವು. ನಾನಿನ್ನೂ ಆಟದ ಮೊದಲ ಹಂತವಾದ ಡಾರ್ಕ್ ಏಜ್‌ನಲ್ಲಿದ್ದೆ. ಅರ್ಧ ಗಂಟೆ ಆಗಿಲ್ಲವಲ್ಲ ಮಾರಾಯ ಅಂತ ಹೇಳೋಣ ಅಂದರೆ ಅವನು ಯಾವ ದೇಶದವನೋ.

ಇಲ್ಲಿ ಎಲ್ಲರೂ 1000 ರೇಟಿಂಗ್‌ನಿಂದ ಶುರು ಮಾಡುತ್ತಾರೆ. ಮೊದಲ ಹತ್ತು ಆಟ ಮುಗಿದ ಮೇಲೆ ಪಟ್ಟಿಯಲ್ಲಿ ನಿಮ್ಮ ಜಾಗ ಕಾಣುತ್ತದೆ. ಹತ್ತರಲ್ಲಿ ನಾನು ಗೆದ್ದಿದ್ದು ಎರಡು. ಅದರಲ್ಲೂ ಒಂದರಲ್ಲಿ ಎದುರಿನವನ ನೆಟ್ ಹೋಗಿತ್ತು. ರೇಟಿಂಗ್ 762.

ಆಗ ಮಾಡಿದ ತಪ್ಪು ಅಂದರೆ ಯುದ್ಧ ಕಲಿಯೋಕೆ ಹೋಗಿದ್ದು. ಹೆರಾ, ದಿ ವೈಪರ್ ತರದ ದೊಡ್ಡ ಆಟಗಾರರ ವಿಡಿಯೋ ನೋಡಿ, ಬಿಲ್ಲುಗಾರರನ್ನು ಬಾಣ ತಪ್ಪಿಸಿ ಕುಣಿಸುವುದನ್ನೆಲ್ಲ ಅಭ್ಯಾಸ ಮಾಡಿದೆ. ಎರಡು ತಿಂಗಳು ಹೋಯಿತು. ರೇಟಿಂಗ್ 780. ಸೋತಾಗೆಲ್ಲ ಕಥೆ ಒಂದೇ. ನನ್ನ ಐದು ಬಿಲ್ಲುಗಾರರು ಚೆನ್ನಾಗಿಯೇ ಕುಣಿಯುತ್ತಿದ್ದರು, ಅವನ ಹತ್ತಿರ ಹನ್ನೆರಡು ಇರುತ್ತಿದ್ದರು.

ಒಂದು ಭಾನುವಾರ ಕೂತು ನನ್ನದೇ ಒಂದು ಸೋಲಿನ ರಿಪ್ಲೇ ತೆರೆದೆ. ಯುದ್ಧದ ಕಡೆ ನೋಡಲೇ ಇಲ್ಲ. ಕೆಲಸಗಾರರು, ಅಂದರೆ ವಿಲೇಜರ್‌ಗಳು, ಹುಟ್ಟುವ ಊರಿನ ಮುಖ್ಯ ಕಟ್ಟಡ ಟೌನ್ ಸೆಂಟರ್ ಮೇಲೆ ಕ್ಲಿಕ್ ಮಾಡಿ ಅದನ್ನೇ ನೋಡುತ್ತಾ ಕೂತೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು.

ಲೆಕ್ಕ ಸುಲಭ. ಒಬ್ಬ ವಿಲೇಜರ್ ತಯಾರಾಗೋಕೆ 25 ಸೆಕೆಂಡ್, 50 ಫುಡ್. ಸ್ಕೌಟ್ ದಾಳಿಗೆ ಆಗ ಎಲ್ಲರೂ ಹೇಳುತ್ತಿದ್ದ, ಏನನ್ನು ಯಾವಾಗ ಮಾಡಬೇಕು ಅನ್ನೋ ಕ್ರಮದಲ್ಲಿ, ಅಂದರೆ ಬಿಲ್ಡ್ ಆರ್ಡರ್‌ನಲ್ಲಿ ಜನಸಂಖ್ಯೆ 21 ಆದಾಗ ಮುಂದಿನ ಹಂತವಾದ ಫ್ಯೂಡಲ್ ಏಜ್‌ಗೆ ಹೋಗುವ ಬಟನ್ ಒತ್ತಬೇಕು. ಆ 21ರಲ್ಲಿ ಒಂದು ಸ್ಕೌಟ್, ಮೂವರು ಮೊದಲೇ ಇರುವ ವಿಲೇಜರ್‌ಗಳು. ಹೊಸದಾಗಿ ಮಾಡಬೇಕಾದವರು 17. ಅಂದರೆ 425 ಸೆಕೆಂಡ್. ವಿಲೇಜರ್‌ಗಳನ್ನು ಗಟ್ಟಿ ಮಾಡುವ ಲೂಮ್ ಅನ್ನೋ ಸುಧಾರಣೆಗೆ ಇನ್ನೊಂದು 25. ಒಟ್ಟು ಏಳೂವರೆ ನಿಮಿಷ. ಫ್ಯೂಡಲ್‌ಗೆ ಹೋಗೋಕೆ 130 ಸೆಕೆಂಡ್. ಟೌನ್ ಸೆಂಟರ್ ಒಂದು ಕ್ಷಣವೂ ಸುಮ್ಮನೆ ಕೂರದಿದ್ದರೆ 9 ನಿಮಿಷ 40 ಸೆಕೆಂಡಿಗೆ ಫ್ಯೂಡಲ್. ನಾನು ತಲುಪಿದ್ದು 11:30ಕ್ಕೆ.

110 ಸೆಕೆಂಡ್ ಎಲ್ಲಿ ಹೋಯಿತು? ಹಾಳೆಯಲ್ಲಿ ಬರೆದುಕೊಂಡಿದ್ದೆ. ಫುಡ್ ಸಾಲದೆ 35. ಮನೆ ಕಟ್ಟೋದು ಮರೆತು 35. ಕಾಡುಹಂದಿ ಹತ್ತಿರ 40.

ಈ ಹಂದಿ ವಿಷಯ ಸ್ವಲ್ಪ ಹೇಳಲೇಬೇಕು. ಮ್ಯಾಪಿನಲ್ಲಿ ನಿಮ್ಮ ಊರಿನಿಂದ ಸ್ವಲ್ಪ ದೂರದಲ್ಲಿ ಎರಡು ಹಂದಿ ಇರುತ್ತವೆ. ಒಂದೊಂದರಲ್ಲಿ 340 ಫುಡ್. ಕುರಿಯಲ್ಲಿ ಬರೀ 100. ಒಬ್ಬ ವಿಲೇಜರ್ ಹೋಗಿ ಬಾಣ ಬಿಟ್ಟು ಓಡಿಬರಬೇಕು, ಹಂದಿ ಅಟ್ಟಿಸಿಕೊಂಡು ಬರುತ್ತದೆ, ಟೌನ್ ಸೆಂಟರ್ ಕೆಳಗೆ ಕುರಿ ಕಡಿಯುತ್ತಿರುವವರೆಲ್ಲ ಸೇರಿ ಅದನ್ನು ಹೊಡೆಯಬೇಕು. ವಿಲೇಜರ್ ಜೀವ 25 ಅಷ್ಟೇ. ಕೈ ತಪ್ಪಿದರೆ ಆಸಾಮಿ ಹೋದ. ಹಾಗಾಗಿ ನನ್ನ ಕಣ್ಣೆಲ್ಲ ಆ ಓಡಿಬರುವವನ ಮೇಲೇ ಇರುತ್ತಿತ್ತು. ಉಸಿರು ಬಿಗಿಹಿಡಿದು ಅವನನ್ನು ಮನೆ ಮುಟ್ಟಿಸುವಷ್ಟರಲ್ಲಿ ಟೌನ್ ಸೆಂಟರ್‌ನ ಸರತಿ ಖಾಲಿ. ಎರಡು ಹಂದಿಗೆ ಎರಡು ಸಲ ಇದೇ ಪಾಡು.

ಇನ್ನು ಮನೆ. ಒಂದು ಮನೆಗೆ 25 ಮರ, ಐದು ಜನಕ್ಕೆ ಜಾಗ. ಜಾಗ ಇಲ್ಲದಿದ್ದರೆ ಹೊಸಬರು ಹುಟ್ಟುವುದೇ ಇಲ್ಲ. ಮದುವೆ ಮಾಡಿ ನೋಡು ಅನ್ನೋದರ ಕಷ್ಟ ನನಗಿನ್ನೂ ಗೊತ್ತಿಲ್ಲ, ಮನೆ ಕಟ್ಟಿ ನೋಡು ಅನ್ನೋದು ಮಾತ್ರ ಇಲ್ಲಿ ಚೆನ್ನಾಗಿ ಅರ್ಥವಾಯಿತು.

ಅಂದಿನಿಂದ ಮೂರು ವಾರ ರ‍್ಯಾಂಕ್ಡ್ ಮುಟ್ಟಲಿಲ್ಲ. ಕಂಪ್ಯೂಟರ್ ವಿರುದ್ಧ ಒಬ್ಬನೇ ಆಡುವುದು, ಫ್ಯೂಡಲ್ ತಲುಪಿದ ಕೂಡಲೇ ನಿಲ್ಲಿಸಿ ಮತ್ತೆ ಮೊದಲಿನಿಂದ. ದಿನಕ್ಕೆ ಮೂರು ಸಲ. ಮೊದಲ ಆರು ಜನ ಕುರಿಗೆ, ಮುಂದಿನ ನಾಲ್ವರು ಮರಕ್ಕೆ, ಒಬ್ಬ ಹಂದಿಗೆ, ನಾಲ್ವರು ಹಣ್ಣಿಗೆ, ಹೀಗೆ. ಆಟದೊಳಗೇ ಆರ್ಟ್ ಆಫ್ ವಾರ್ ಅಂತ ಕಲಿಸುವ ಸವಾಲುಗಳಿವೆ, ಅದರಲ್ಲಿ ಶುರುವಿನ ಎಕಾನಮಿಯದ್ದು ಒಂದು. ಅದನ್ನೂ ಮತ್ತೆ ಮತ್ತೆ ಆಡಿದೆ. ಬೇಜಾರಿನ ಕೆಲಸ, ಸುಳ್ಳು ಯಾಕೆ ಹೇಳಲಿ. ನನ್ನ ಅಕ್ಕ ಬಂದು ಹಿಂದೆ ನಿಂತು ನೋಡಿ, "ಅದೇನೋ ದಿನಾ ಅದೇ ಕುರಿ ಕಾಯ್ತಿದೀಯ" ಅಂದಳು. ಆಮೇಲೆ ನಮ್ಮ ಮನೆಯಲ್ಲಿ ಆ ಆಟದ ಹೆಸರೇ ಕುರಿ ಕಾಯೋ ಆಟ ಅಂತಾಯಿತು.

ಬೆರಳಿಗೆ ಒಂದು ಚಾಳಿ ಹತ್ತಿಸಿಕೊಂಡೆ. ನನ್ನ ಸೆಟ್ಟಿಂಗ್‌ನಲ್ಲಿ ಎಚ್ ಒತ್ತಿದರೆ ಟೌನ್ ಸೆಂಟರ್, ಕ್ಯೂ ಒತ್ತಿದರೆ ವಿಲೇಜರ್. ಏನೇ ಆಗುತ್ತಿರಲಿ, ಕೆಲವು ಸೆಕೆಂಡಿಗೊಮ್ಮೆ ಎಚ್, ಕ್ಯೂ. ಹಂದಿ ಓಡಿ ಬರುತ್ತಿದ್ದರೂ ಎಚ್, ಕ್ಯೂ.

ಜೊತೆಗೆ ಒಂದೇ ಪಂಗಡ ಹಿಡಿದುಕೊಂಡೆ, ಫ್ರಾಂಕ್ಸ್. ಅವರ ಕುದುರೆ ಸವಾರರಿಗೆ ಜೀವ ಶೇಕಡಾ 20 ಜಾಸ್ತಿ, ಹೊಲದ ಸುಧಾರಣೆಗಳು ಪುಕ್ಕಟೆ. ಯೋಚಿಸಬೇಕಾದ್ದು ಕಡಿಮೆ. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಬಂದಾಗ ಮಾತ್ರ ಮನಸ್ಸು ತಡೆಯಲಿಲ್ಲ. ದ್ರಾವಿಡರು ಅಂತ ಹೊಸ ಪಂಗಡ, ನಮ್ಮವರು ಅಲ್ವಾ! ಕ್ಲಿಕ್ ಮಾಡಿದರೆ ವಿಲೇಜರ್‌ಗಳು ತಮಿಳು ಮಾತಾಡುತ್ತಾರೆ. ಪರವಾಗಿಲ್ಲ ಅಂದುಕೊಂಡೆ. ಆದರೆ ಅವರಿಗೆ ಭಾರೀ ಕವಚದ ಕುದುರೆ ಸವಾರರಾದ ನೈಟ್‌ಗಳೇ ಇಲ್ಲ, ನನಗೆ ಬರುತ್ತಿದ್ದದ್ದೇ ನೈಟ್. ಎಂಟು ಆಟದಲ್ಲಿ ಆರು ಸೋತು ವಾಪಸ್ ಫ್ರಾಂಕ್ಸ್‌ಗೆ ಬಂದೆ.

1000 ದಾಟಿದ ಆಟ ಚೆನ್ನಾಗಿ ನೆನಪಿದೆ. ಆ ರಾತ್ರಿ ನಾನು 997. ಎದುರಾಳಿ ಇಥಿಯೋಪಿಯನ್ಸ್. ಅವರ ಬಿಲ್ಲುಗಾರರು ಬೇರೆಯವರಿಗಿಂತ ಬೇಗ ಬೇಗ ಬಾಣ ಬಿಡುತ್ತಾರೆ. ಹದಿಮೂರನೇ ನಿಮಿಷಕ್ಕೆ ಎಂಟು ಬಿಲ್ಲುಗಾರರು ನನ್ನ ಮರದ ಸಾಲಿಗೆ ಬಂದರು. ನಾಲ್ವರು ವಿಲೇಜರ್‌ಗಳು ಸತ್ತರು. ಹಿಂದೆ ಆಗಿದ್ದರೆ ಇಲ್ಲೇ ಗಾಬರಿಯಾಗಿ, ಇದ್ದಬದ್ದ ಸ್ಕೌಟ್‌ಗಳನ್ನೆಲ್ಲ ಅಲ್ಲಿಗೆ ನುಗ್ಗಿಸಿ, ಮೂರು ನಿಮಿಷ ಬೇರೆ ಏನೂ ನೋಡುತ್ತಿರಲಿಲ್ಲ. ಈ ಸಲ ಉಳಿದವರನ್ನು ಇನ್ನೊಂದು ಕಾಡಿಗೆ ಕಳಿಸಿ, ಬಿಲ್ಲುಗಾರರನ್ನು ಎದುರಿಸುವ ಎರಡು ಸ್ಕರ್ಮಿಷರ್ ಹಾಕಿ, ಎಚ್, ಕ್ಯೂ. ನಾಲ್ವರನ್ನು ತುಂಬೋಕೆ 100 ಸೆಕೆಂಡ್. ಅವನು ಆ ಹೊತ್ತಿನಲ್ಲಿ ನನ್ನ ಹೊಲದ ಸುತ್ತ ಬಿಲ್ಲುಗಾರರನ್ನು ಕುಣಿಸುತ್ತಿದ್ದ. ನನ್ನ ಹಳೇ ಆಟವನ್ನೇ ಯಾರೋ ಆಡುತ್ತಿದ್ದ ಹಾಗಿತ್ತು.

ಹದಿನೇಳೂವರೆ ನಿಮಿಷಕ್ಕೆ ಮೂರನೇ ಹಂತ, ಕ್ಯಾಸಲ್ ಏಜ್ ಒತ್ತಿದೆ. 800 ಫುಡ್, 200 ಚಿನ್ನ. ತಲುಪುವ ಹೊತ್ತಿಗೆ ಎರಡು ಸ್ಟೇಬಲ್ (ಕುದುರೆ ಲಾಯ) ರೆಡಿ. ಬೇರೆಯವರ ನೈಟ್‌ಗೆ ಜೀವ 100, ಫ್ರಾಂಕ್ಸ್‌ದಕ್ಕೆ 120. ನಾಲ್ಕು ನೈಟ್ ಅವನ ಚಿನ್ನದ ಗಣಿ ಹಿಂದಿನಿಂದ ಹೋದವು. ಅವನಿನ್ನೂ ಫ್ಯೂಡಲ್‌ನಲ್ಲೇ ಇದ್ದ. 24ನೇ ನಿಮಿಷಕ್ಕೆ "ಜಿಜಿ" (ಗುಡ್ ಗೇಮ್) ಅಂತ ಬರೆದು ಹೊರಟ. 1013. ರಾತ್ರಿ ಒಂದೂವರೆ ಗಂಟೆ, ಮನೆಯಲ್ಲಿ ಎಲ್ಲರೂ ಮಲಗಿದ್ದರು, ಕೂಗೋಕೂ ಆಗಲಿಲ್ಲ.

ಆಮೇಲಿನ ಏರಿಕೆ ತುಂಬಾ ನಿಧಾನ. ಸಮಾನ ಎದುರಾಳಿಯನ್ನು ಗೆದ್ದರೆ ಸುಮಾರು 16 ಅಂಕ ಬರುತ್ತದೆ, ಸೋತರೆ ಅಷ್ಟೇ ಹೋಗುತ್ತದೆ. ನೂರು ಆಟ ಆಡಿ 55 ಗೆದ್ದು 45 ಸೋತರೂ ಸಿಗೋದು 160. ಈ ಲೆಕ್ಕ ಗೊತ್ತಾದ ಮೇಲೆ ಒಂದು ಸೋಲಿಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಒಂದು ರಾತ್ರಿ ಹಟಕ್ಕೆ ಬಿದ್ದು ಸಾಲಾಗಿ ಐದು ಸೋತು 1040ರಿಂದ 960ಕ್ಕೆ ಇಳಿದಿದ್ದೆ. ಎರಡು ತಿಂಗಳ ಗಳಿಕೆ ಒಂದೇ ರಾತ್ರಿಗೆ. ಈಗ ಎರಡು ಸಾಲು ಸೋತರೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ.

ಇನ್ನೊಂದು ಶತ್ರು ಕರೆಂಟ್. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ಗೆಲ್ಲುತ್ತಿದ್ದ ಆಟದಲ್ಲಿ ಕರೆಂಟ್ ಹೋದರೂ ಲೆಕ್ಕಕ್ಕೆ ಅದು ಸೋಲೇ. ಒಂದು ಮಳೆಗಾಲದಲ್ಲಿ ನಾಲ್ಕು ಸಲ ಹೀಗಾದ ಮೇಲೆ ರೂಟರಿಗೊಂದು ಚಿಕ್ಕ ಯುಪಿಎಸ್ ತಂದೆ. ನನ್ನ ಪ್ರಕಾರ ಯಾವ ಬಿಲ್ಡ್ ಆರ್ಡರ್‌ಗಿಂತಲೂ ಅದರಿಂದ ಉಳಿದ ಅಂಕ ಜಾಸ್ತಿ.

ಈಗ 1180ರ ಆಸುಪಾಸಿನಲ್ಲಿದ್ದೇನೆ. 1200 ಎರಡು ಸಲ ಬಾಗಿಲವರೆಗೆ ಬಂದು ವಾಪಸ್ ಹೋಗಿದೆ. ನಿನ್ನೆ ಸೋತ ಆಟದ ರಿಪ್ಲೇ ಈಗಷ್ಟೇ ನೋಡಿದೆ. ಫ್ಯೂಡಲ್ 9:52ಕ್ಕೆ. ಇನ್ನೂ 12 ಸೆಕೆಂಡ್ ಎಲ್ಲೋ ಸೋರುತ್ತಿದೆ. ಎರಡನೇ ಹಂದಿ ಹತ್ತಿರ ಅನ್ಸುತ್ತೆ.