ಮರಳು ತಾಗದ ಒಣ ಬಂಗಡೆ: ನನ್ನ ಅನುಭವ

ನಮ್ಮ ಧಾರೇಶ್ವರದ ಕಡಲದಂಡೆಯಲ್ಲಿ ಮೀನನ್ನು ಮರಳ ಮೇಲೇ ಹರವುವುದು ಹಿಂದಿನಿಂದ ಬಂದ ರೂಢಿ. ನಾನು ಮೀನು ನೆಲಕ್ಕೆ ತಾಗದಂತೆ ಹರವಲು ಅಟ್ಟ ಕಟ್ಟಲು ಹೊರಟಾಗ ಅತ್ತೆ, "ಅಡಿಯಲ್ಲಿ ಕಾದ ಮರಳಿಲ್ದೆ ಮೀನು ಒಣಗೂದಿಲ್ಲ ಮಗಾ" ಅಂದಿದ್ದರು. ಈಗ ಅವರೇ ತಮ್ಮ ಶೆಟ್ಲಿಯನ್ನು (ಸಿಗಡಿ) ನನ್ನ ಅಟ್ಟಕ್ಕೆ ತರುತ್ತಾರೆ.

ಮೊದಲ ವರ್ಷ ಪ್ಲಾಸ್ಟಿಕ್ ಹೊದಿಸಿದ ಗೂಡು ಮಾಡಿ ಹನ್ನೆರಡು ಸಾವಿರದಷ್ಟು ಕಳೆದುಕೊಂಡೆ. ಒಳಗೆ ಗಾಳಿಯಾಡದೆ ನಲವತ್ತು ಕಿಲೋ ಬಂಗಡೆ ಮಧ್ಯಾಹ್ನದೊಳಗೆ ಬೆಂದು, ಮುಟ್ಟಿದರೆ ಮುಳ್ಳು ಬಿಡುತ್ತಿತ್ತು. ಎಲ್ಲ ತೆಂಗಿನ ಬುಡಕ್ಕೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ.

ಮರುವರ್ಷ ಗಾಳಿಮರದ ಗಳ ನೆಟ್ಟು, ಸೊಂಟದೆತ್ತರಕ್ಕೆ ಹಳೇ ಬಲೆ ಕಟ್ಟಿದೆ. ಬಲೆ ಜೋತು, ಮೀನೆಲ್ಲ ನಡುವಿಗೆ ಜಾರಿ ಗುಡ್ಡೆಯಾಗಿ, ಅಡಿಯದಕ್ಕೆ ಹುಳ ಬಿತ್ತು. ಎರಡಡಿಗೊಂದು ಅಡ್ಡಗಳ ಕೊಟ್ಟ ಮೇಲೆ ಸರಿಹೋಯಿತು. ಅಟ್ಟದ ಉದ್ದದ ಮಗ್ಗುಲು ಕಡಲಿಗೆ ಮುಖ ಮಾಡಿರಲಿ. ಮಧ್ಯಾಹ್ನದ ಗಾಳಿ ಮೇಲೂ ಕೆಳಗೂ ಹಾಯಬೇಕು. ಸಂಜೆ ಇಬ್ಬನಿಗೆ ಮುಂಚೆ ಎತ್ತಿಡಲೇಬೇಕು.

ಉಪ್ಪಿನಲ್ಲೂ ಪಾಠ ಕಲಿತೆ. ಪ್ಯಾಕೆಟ್ಟಿನ ಪುಡಿಯುಪ್ಪು ಹಾಕಿದರೆ ಮೇಲೆ ಬೇಗ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪೇ ಬೇಕು. ನಾಲ್ಕು ಕಿಲೋ ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋ, ಒಂದು ರಾತ್ರಿ. ಬೆಳಿಗ್ಗೆ ಯಾವ ನೀರಲ್ಲಿ ಅದ್ದಿ ಹರವುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ನನ್ನ ಮೀನಿನ ಹೊಳಪಿರುವುದೇ ಅದರಲ್ಲಿ.

ನಡುವೆ ಮುರುಗಲು (ಪುನರ್ಪುಳಿ) ನೀರಲ್ಲೂ ಅದ್ದಿ ನೋಡಿದ್ದೆ. ರುಚಿ ಚೆನ್ನಾಗಿತ್ತು, ಬಣ್ಣ ಕಪ್ಪಾಗಿ ಯಾರೂ ಕೊಳ್ಳಲಿಲ್ಲ. ತಾರ್ಲೆ (ಬೂತಾಯಿ) ಒಣಗಿಸುವ ಆಸೆಯನ್ನೂ ಬಿಟ್ಟೆ. ಅದರ ಎಣ್ಣೆ ತಿಂಗಳೊಳಗೆ ಹಳದಿಗಟ್ಟಿ ಕಮಟುತ್ತದೆ.

ಮರಳ ಮೇಲಿನ ಬಂಗಡೆಗೆ ವ್ಯಾಪಾರಿ ಕಿಲೋಗೆ ನೂರೈವತ್ತು, ನೂರರವತ್ತು ಕೊಡುತ್ತಿದ್ದ. ಅಟ್ಟದ್ದು ಇನ್ನೂರನಲವತ್ತಕ್ಕೆ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಲ್ಲವೇ, ಹಾಗಾಗಿ ಮೇ ತಿಂಗಳಲ್ಲೇ ಶಿರಸಿ ಕಡೆಯ ಘಟ್ಟದವರು ಮನೆಗೆ ಬಂದು ಒಯ್ಯುತ್ತಾರೆ. ಹುರಿಯುವ ಮುಂಚೆ ಮರಳು ತೊಳೆಯುವ ಕೆಲಸವಿಲ್ಲ ಎಂದು ಹೆಂಗಸರೇ ಕೇಳಿಕೊಂಡು ಬರುವುದು.

ಈ ಸಲ ನಂಗು ಹಾಕಿದ್ದೇನೆ. ತೆಳುಮೀನು, ಮೂರನೇ ದಿನಕ್ಕೇ ತಟ್ಟಿದರೆ ಖಣಖಣ.